ಏಳು ಮಂದಿ ಹಿಂದೂಸ್ತಾನಿಗಳೂ ಘಟ್ಟದ ದಾರಿಯೂ

ಸಿನಿಮಾ ನೋಡಿ ಕಾಡು ಕಲಿತವರಲ್ಲಿ ನಾನೂ ಒಬ್ಬ. ನಮ್ಮ ಮನೆಯ ಹಿಂದೆಯೇ ಗುಡ್ಡವಿತ್ತು, ಗುಡ್ಡದಾಚೆ ಕಾಡಿತ್ತು. ಸೊಪ್ಪು ಸೌದೆಗೆಂದು ದಿನವೂ ಅಲ್ಲಿಗೆ ಹೋಗಿ ಬರುವವರಿದ್ದರು. ಆದರೂ ಕಾಡಿನಲ್ಲಿ ದಾರಿ ತಪ್ಪಿದರೆ ಏನು ಮಾಡಬೇಕೆಂದು ನಾನು ಅವರಲ್ಲಿ ಒಮ್ಮೆಯೂ ಕೇಳಿದವನಲ್ಲ. ಅದನ್ನು ನನಗೆ ಹೇಳಿಕೊಟ್ಟದ್ದು ಕಾಸರಗೋಡು, ಮಂಗಳೂರುಗಳ ಟಾಕೀಸುಗಳು. ತೊರೆ ಸಿಕ್ಕಿದರೆ ಅದರ ಜತೆಗೇ ಇಳಿಯಬೇಕು, ಊರು ಸಿಕ್ಕುತ್ತದೆ. ಹಾವು ಕಚ್ಚಿದರೆ ಗಾಯಕ್ಕೆ ಬಾಯಿ ಹಚ್ಚಿ ವಿಷ ಹೀರಿ ಉಗುಳಬೇಕು. ಎರಡು ಕಲ್ಲು ಉಜ್ಜಿದರೆ ಬೆಂಕಿ ಹುಟ್ಟುತ್ತದೆ. ನಾಯಕ ಇವನ್ನೆಲ್ಲ ಮಾಡಿ, ಬದುಕಿ, ಕೊನೆಯಲ್ಲಿ ನಾಯಕಿಯನ್ನು ಮದುವೆಯಾಗುತ್ತಿದ್ದುದರಿಂದ ಸಂಶಯಪಡಲು ನನಗೆ ಕಾರಣವಿರಲಿಲ್ಲ.

ಈ ಪಾಠಗಳಲ್ಲಿ ಮೊದಲನೆಯದನ್ನು ಪ್ರಯೋಗಿಸಿ ನೋಡುವ ಸಂದರ್ಭ 1994ರ ಸೆಪ್ಟೆಂಬರಿನಲ್ಲಿ ಗೋವಾದ ಗಡಿಯಲ್ಲಿ ಒದಗಿತು. ನನ್ನ ಭಾವ ಆಗ ರೈಲ್ವೆ ಕೆಲಸದ ಮೇಲೆ ಕ್ಯಾಸಲ್‌ರಾಕ್‌ನಲ್ಲಿದ್ದರು. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ಈ ಪುಟ್ಟ ನಿಲ್ದಾಣ ಕರ್ನಾಟಕದ ಕೊನೆ. ಅಲ್ಲಿಂದ ಹಳಿ ಸುರಂಗಗಳನ್ನು ಹೊಕ್ಕು ಹೊರಟು ಗೋವಾದ ಕುಳೆಗೆ ಇಳಿಯುತ್ತದೆ. ಆಗಿನ್ನೂ ಮೀಟರ್‌ಗೇಜ್ ಹಳಿ. ಒಂದು ಬೆಳಗ್ಗೆ, ಎಮ್ಮೆ ಹುಡುಕಲು ಹೊರಟಿದ್ದ ಒಬ್ಬ ಗೌಳಿ ಮುದುಕನ ಜತೆಗೆ ನಾನೂ ಹೊರಟೆ. ಅವನು ಎಮ್ಮೆಯ ಗೊರಸಿನ ಗುರುತು ನೋಡುತ್ತ ಹಿಂದುಳಿದ. ನಾನು ಒಂದು ತೊರೆಯ ಪಕ್ಕ ಹಿಡಿದು ಇಳಿಯತೊಡಗಿದೆ. ನೀರು ಕೆಳಗೆ ಹೋಗುತ್ತದೆ, ಕೆಳಗೆ ಗೋವಾ ಇದೆ, ನಾನು ತಪ್ಪುವುದಾದರೂ ಹೇಗೆ? ಪಾಚಿಗಟ್ಟಿದ ಬಂಡೆಯ ಮೇಲೆ ಎರಡು ಸಲ ಜಾರಿ ಬಿದ್ದೆ. ಮೂರನೆಯ ಸಲ ಜಾರುವ ಮೊದಲು ಹಿಂದಿನಿಂದ ಕೂಗು ಕೇಳಿತು. ಮುದುಕ ಓಡಿಬಂದು ನನ್ನ ತೋಳು ಹಿಡಿದು ನಿಲ್ಲಿಸಿ, ಕೋಲಿನಿಂದ ಮುಂದಿನ ಪೊದೆಯನ್ನು ಸರಿಸಿದ. ಹತ್ತು ಹೆಜ್ಜೆ ಆಚೆ ನೆಲವಿರಲಿಲ್ಲ. ಮಂಜು ಮಾತ್ರ ಇತ್ತು.

“ನೀರಿಗೇನು ಮಾಸ್ತರ್ರೆ, ಅದು ಬಿದ್ದರೂ ಸಾಯೂದಿಲ್ಲ” ಎಂದ.

ಆ ದಿನ ನಾನು ಅಲ್ಲಿಗೆ ಹೋಗಿದ್ದುದೂ ಒಂದು ಸಿನಿಮಾದ ದೆಸೆಯಿಂದಲೇ. ಅದರ ಹೆಸರು ‘ಸಾತ್ ಹಿಂದೂಸ್ತಾನಿ’. ಖ್ವಾಜಾ ಅಹ್ಮದ್ ಅಬ್ಬಾಸರು ನಿರ್ಮಿಸಿ ನಿರ್ದೇಶಿಸಿದ ಈ ಕಪ್ಪು ಬಿಳುಪು ಚಿತ್ರ 1969ರ ನವೆಂಬರಿನಲ್ಲಿ ತೆರೆ ಕಂಡಿತು. ಅಮಿತಾಭ್ ಬಚ್ಚನ್ ನಟಿಸಿದ ಮೊದಲ ಚಿತ್ರ ಎಂದರೆ ಈಗಿನವರಿಗೆ ಬೇಗ ಗುರುತು ಸಿಕ್ಕೀತು. ಆಗ ಅವರಿಗೆ ಸಿಕ್ಕಿದ ಸಂಭಾವನೆ ಐದು ಸಾವಿರ ರೂಪಾಯಿ. ಆದರೆ ನಮ್ಮ ಈ ವಾರ್ಷಿಕದ ಓದುಗರಿಗೆ, ಅದರಲ್ಲೂ ಮಲಯಾಳ ಪುಟಗಳನ್ನು ಮೊದಲು ತಿರುವುವ ಮಿತ್ರರಿಗೆ, ಇನ್ನೊಂದು ಹೆಸರು ಹೆಚ್ಚು ಹತ್ತಿರದ್ದು. ‘ಚೆಮ್ಮೀನ್’ನ ಪರೀಕುಟ್ಟಿಯಾಗಿ ಎಲ್ಲರ ಮನಸ್ಸಿನಲ್ಲಿ ನಿಂತ ಮಧು ಈ ಏಳು ಮಂದಿಯಲ್ಲಿ ಒಬ್ಬರು. ಸಿನಿಮಾಕ್ಕೆ ಬರುವ ಮೊದಲು ನಾಗರಕೋವಿಲಿನಲ್ಲಿ ಹಿಂದಿ ಅಧ್ಯಾಪಕರಾಗಿದ್ದ ಅವರಿಗೆ ಇದು ಮೊದಲ ಹಿಂದಿ ಚಿತ್ರ. ಪಾತ್ರ ಮಾತ್ರ ಬಂಗಾಳಿಯದು. ನಿಜವಾದ ಬಂಗಾಳಿ ಉತ್ಪಲ ದತ್ತರು ಪಂಜಾಬಿನ ರೈತ. ಅಲಹಾಬಾದಿನ ಕವಿ ಹರಿವಂಶರಾಯ ಬಚ್ಚನ್ನರ ಮಗ ಬಿಹಾರದ ಮುಸಲ್ಮಾನ ಯುವಕ ಅನ್ವರ್. ಯಾರೂ ತಮ್ಮ ಸೀಮೆಯ ವೇಷವನ್ನು ಹಾಕಬಾರದು ಎಂಬುದು ಅಬ್ಬಾಸರ ಹಟ.

ಕಥೆಯೂ ಅದಕ್ಕೆ ತಕ್ಕಂತಿದೆ. ಗೋವಾದ ಮರಿಯಾ ಎಂಬವಳು ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಳೆ. ಹಿಂದೆ ತನ್ನ ಜತೆಗೆ ಪೋರ್ಚುಗೀಸರ ಗೋವಾದೊಳಗೆ ನುಸುಳಿ ತ್ರಿವರ್ಣ ಧ್ವಜ ಹಾರಿಸಿದ ಆರು ಮಂದಿ ಗೆಳೆಯರು ಬಾರದೆ ಶಸ್ತ್ರಚಿಕಿತ್ಸೆ ಬೇಡವೆನ್ನುತ್ತಾಳೆ. ಆ ಗೆಳೆಯರು ಈಗ ತಂತಮ್ಮ ಊರಿನಲ್ಲಿ ಭಾಷೆಯ, ಸೀಮೆಯ ಜಗಳಗಳಲ್ಲಿ ಮುಳುಗಿದ್ದಾರೆ. ತಂತಿ ಸಂದೇಶ ಹೋಗುತ್ತದೆ. ಹಳೆಯ ನೆನಪು ಬಿಚ್ಚಿಕೊಳ್ಳುತ್ತದೆ. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ರಾಷ್ಟ್ರಪ್ರಶಸ್ತಿ ಆ ವರ್ಷ ಈ ಚಿತ್ರಕ್ಕೆ ಬಂತು. ನಾನು ಇದನ್ನು ನೋಡಿದ್ದು ತಡವಾಗಿ, ಟಿ.ವಿ.ಯಲ್ಲಿ, ಒಂದು ಸ್ವಾತಂತ್ರ್ಯ ದಿನದಂದು. ಭಾಷೆಗಾಗಿ ಕಿತ್ತಾಡಿದ ಗೆಳೆಯರ ಕಥೆ ಕಾಸರಗೋಡಿನವನಿಗೆ ನಾಟದಿರುತ್ತದೆಯೇ? ಆದರೆ ಇತಿಹಾಸದ ಮೇಷ್ಟ್ರಾಗಿದ್ದ ನನ್ನನ್ನು ಕಾಡಿದ್ದು ಬೇರೆಯೇ ಒಂದು ಪ್ರಶ್ನೆ: ಘಟ್ಟದ ಪರಿಚಯವೇ ಇಲ್ಲದ ಬಯಲುಸೀಮೆಯ ಈ ಮಂದಿ ಅಂಥ ಕಾಡನ್ನು ದಾಟಿದ್ದು ಹೇಗೆ?

ಚಿತ್ರದ ಹಿಂದಿರುವ ಇತಿಹಾಸವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. 1946ರ ಜೂನ್ 18ರಂದು ರಾಮಮನೋಹರ ಲೋಹಿಯಾ ಅವರು ಮಡಗಾಂವಿನಲ್ಲಿ ನಿಷೇಧ ಮುರಿದು ಮಾತನಾಡಲೆದ್ದದ್ದು ಗೋವಾ ವಿಮೋಚನೆಯ ಕೊನೆಯ ಹಂತದ ಆರಂಭ. ಬ್ರಿಟಿಷರು ಹೋದ ಮೇಲೂ ಪೋರ್ಚುಗೀಸರು ಕದಲಲಿಲ್ಲ. 1954 ಮತ್ತು 55ರಲ್ಲಿ ಸತ್ಯಾಗ್ರಹಿಗಳ ತಂಡಗಳು ಗಡಿ ದಾಟತೊಡಗಿದವು. ನಾ. ಗ. ಗೋರೆ, ಸೇನಾಪತಿ ಬಾಪಟ್, ಮಧು ಲಿಮಯೆ, ತ್ರಿದಿಬ್ ಚೌಧರಿ, ನಮ್ಮ ನರಗುಂದದ ಜಗನ್ನಾಥರಾವ್ ಜೋಶಿ - ಪಕ್ಷ ಬೇರೆ, ಸೀಮೆ ಬೇರೆ, ಆದರೆ ಎಲ್ಲರೂ ಗೋವಾ ಗಡಿ ದಾಟಿದವರೇ. 1955ರ ಆಗಸ್ಟ್ 15ರಂದು ಸಾವಿರಾರು ಮಂದಿ ನಾನಾ ಕಡೆಗಳಿಂದ ಒಟ್ಟಿಗೇ ಒಳನಡೆದರು. ಉತ್ತರದ ಪತ್ರಾದೇವಿಯಲ್ಲಿ ಪಂಜಾಬಿನ ಕರ್ನೈಲ್ ಸಿಂಗ್ ಬೆನಿಪಾಲ್ ಗುಂಡಿಗೆ ಬಲಿಯಾದರು. ಕ್ಯಾಸಲ್‌ರಾಕ್ ಕಡೆಯಿಂದ ರೈಲುಹಳಿ ಹಿಡಿದು ನಡೆದವರ ಮೇಲೂ ಗುಂಡು ಹಾರಿತು. ಆ ಒಂದೇ ದಿನ ಸತ್ತವರು 20ಕ್ಕೂ ಹೆಚ್ಚು. ಅನಂತರ ಭಾರತ ಸರಕಾರ ಸಾಮೂಹಿಕ ಪ್ರವೇಶವನ್ನು ತಡೆಯಿತು; ಗಡಿಯಲ್ಲಿ ರೈಲಿನ ಓಡಾಟವೂ ನಿಂತಿತು.

ಆ ದಿನಾಂಕವನ್ನು ಸ್ವಲ್ಪ ಗಮನಿಸಬೇಕು. ಆಗಸ್ಟ್ 15 ಎಂದರೆ ನಮ್ಮ ಲೆಕ್ಕದಲ್ಲಿ ಆಟಿ ಮುಗಿದು ಸೋಣ ಹಿಡಿಯುವ ಹೊತ್ತು. ಕ್ಯಾಸಲ್‌ರಾಕ್ ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. ಆ ತಿಂಗಳಲ್ಲಿ ಅಲ್ಲಿ ಹಗಲಿಗೂ ಇರುಳಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ದಿನಾಂಕವನ್ನು ಆರಿಸಿದ್ದು ದೇಶದ ಪಂಚಾಂಗ, ಘಟ್ಟದ ಪಂಚಾಂಗವಲ್ಲ. ಮುಂದೆ 1961ರಲ್ಲಿ ಸೈನ್ಯ ಗೋವಾಕ್ಕೆ ಇಳಿದಾಗ ಆರಿಸಿಕೊಂಡದ್ದು ಡಿಸೆಂಬರ್ ತಿಂಗಳನ್ನು. ಕಾರ್ಯಾಚರಣೆಯ ನೇತೃತ್ವ ಒಟ್ಟಪ್ಪಾಲಂ ಕಡೆಯ ಮೇಜರ್ ಜನರಲ್ ಕೆ. ಪಿ. ಕಂಡೇತ್ ಅವರದು. ಒಂದು ಬ್ರಿಗೇಡು ಇದೇ ಘಟ್ಟದ ಅನಮೋಡದಿಂದ ಮೊಲೆಮ್ ಕಡೆಗೆ ಇಳಿಯಿತು. ಡಿಸೆಂಬರ್ 19ಕ್ಕೆ ಗವರ್ನರ್ ವಸ್ಸಾಲೊ ಇ ಸಿಲ್ವಾ ಶರಣಾದರು. ಒಣಗಿದ ನೆಲದಲ್ಲೂ, ಸೇತುವೆಗಳು ಸ್ಫೋಟಗೊಂಡ ಹೊಳೆಗಳನ್ನು ದಾಟಲು ಆ ಸೈನ್ಯ ಕಷ್ಟಪಟ್ಟಿತ್ತು. ಆರು ವರ್ಷ ಹಿಂದೆ, ಸುರಿವ ಮಳೆಯಲ್ಲಿ, ಬರಿಗೈಯಲ್ಲಿ ಹೋದವರ ಪಾಡನ್ನು ಓದುಗರೇ ಊಹಿಸಬಹುದು.

ಆಗಸ್ಟ್ 15ರವರು ಬಹಿರಂಗವಾಗಿ ನಡೆದವರು. ಅವರಿಗೆ ಅಡಗುವ ಉದ್ದೇಶವಿರಲಿಲ್ಲ. ರೈಲುಹಳಿ ಅವರಿಗೆ ಸುಲಭದ ದಾರಿ, ಸುರಂಗವೇ ಅದರ ಅಪಾಯ. ಚಿತ್ರದ ಏಳು ಮಂದಿಯ ರೀತಿ ಬೇರೆ. ಅವರು ಕದ್ದು ಹೋಗುವವರು; ಅವರ ಮಾದರಿ ಆಜಾದ್ ಗೋಮಂತಕ ದಳದಂಥ ಭೂಗತ ಗುಂಪುಗಳಿಗೆ ಹತ್ತಿರ. ಆ ದಳದ ಮೋಹನ ರಾನಡೆ 1955ರಲ್ಲಿ ಸೆರೆ ಸಿಕ್ಕಿ, ಬಿಡುಗಡೆಯಾದದ್ದು 1969ರ ಜನವರಿಯಲ್ಲಿ - ಈ ಚಿತ್ರ ಬಂದ ವರ್ಷವೇ. ಹೀಗೆ ಕದ್ದು ಹೋಗುವವರಿಗೆ ಹಳಿಯಾಗಲಿ, ರಸ್ತೆಯಾಗಲಿ ಉಪಯೋಗವಿಲ್ಲ. ಕಾಡೇ ದಾರಿ. ಕಾಡು ದಾರಿಯಾಗಬೇಕಾದರೆ ಅದನ್ನು ಓದಬಲ್ಲವರು ಬೇಕು.

ಆ ಓದನ್ನು ಮುದುಕನಿಂದ ಸ್ವಲ್ಪ ಕಲಿತೆ. ತೊರೆಯ ವಿಷಯ ಮೊದಲೇ ಹೇಳಿದೆ. ಬಯಲುಸೀಮೆಯಲ್ಲಿ ನೀರಿನ ಜತೆ ನಡೆದರೆ ಊರು ಸಿಕ್ಕುವುದು ನಿಜ. ಸಹ್ಯಾದ್ರಿಯ ಅಂಚಿನಲ್ಲಿ ಹಾಗೆ ನಡೆದರೆ ದೂಧಸಾಗರ ಸಿಕ್ಕುತ್ತದೆ. ಮಾಂಡೋವಿ ಹೊಳೆ ಅಲ್ಲಿ ಸುಮಾರು 310 ಮೀಟರ್ ಕೆಳಕ್ಕೆ ಬೀಳುತ್ತದೆ. ಅಲ್ಲಿನ ಜನ ಇಳಿಯುವುದು ತೊರೆಯಲ್ಲಲ್ಲ, ಎರಡು ತೊರೆಗಳ ನಡುವಿನ ದಿಬ್ಬದ ಬೆನ್ನಿನ ಮೇಲೆ. ಅದಕ್ಕಿಂತಲೂ ಒಳ್ಳೆಯದು ಎಮ್ಮೆಯ ಜಾಡು. ಭಾರದ ಪ್ರಾಣಿ ಕಡಿದಾದಲ್ಲಿ ಕಾಲಿಡುವುದಿಲ್ಲ. ಸುತ್ತಿ ಬಳಸಿಯಾದರೂ ಹದವಾದ ಇಳಿಜಾರನ್ನೇ ಹುಡುಕುತ್ತದೆ. “ರೈಲಿನವರು ಅಳತೆ ಹಿಡಿದು ಹುಡುಕಿದ್ದನ್ನು ನಮ್ಮ ಎಮ್ಮೆ ಮೂಗು ಹಿಡಿದು ಹುಡುಕಿತ್ತು” ಎಂದು ಅವನು ನಕ್ಕ.

ಹೊಳೆ ದಾಟುವುದನ್ನು ಸಿನಿಮಾದಲ್ಲಿ ಸಾಹಸ ಎನ್ನುತ್ತಾರೆ. ಘಟ್ಟದವರಿಗೆ ಅದು ಬಹಳ ಮಟ್ಟಿಗೆ ತಾಳ್ಮೆ. ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಗುಡ್ಡದಲ್ಲಿ ಬಿದ್ದ ಮಳೆ ಸ್ವಲ್ಪ ಹೊತ್ತಿನಲ್ಲೇ ಕೆಳಗೆ ಬಂದೀತು. ತಿಳಿನೀರು ಒಮ್ಮೆಲೆ ಕೆಂಪಾದರೆ, ತರಗೆಲೆ, ಕಡ್ಡಿ ತೇಲಿಬಂದರೆ, ಕಾಲು ಹಿಂದೆಗೆಯಬೇಕು. ದಡದಲ್ಲಿ ಒಂದು ಕಡ್ಡಿ ನೆಟ್ಟು ಕೂತರೆ ನೀರು ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ತಿಳಿಯುತ್ತದೆ. ಇಳಿದ ಮೇಲೆ ಕೋಲೂರಿ, ಓರೆಯಾಗಿ ದಾಟಬೇಕು. ಕಡ್ಡಿ ನೆಟ್ಟು ಎರಡು ಗಂಟೆ ಕೂತ ನಾಯಕನನ್ನು ಯಾವ ನಿರ್ದೇಶಕ ತೋರಿಸಿಯಾನು?

ಕುಡಿಯುವ ನೀರಿನದೂ ಹಾಗೆಯೇ. ಮಳೆಗಾಲದಲ್ಲಿ ಎಲ್ಲೆಲ್ಲೂ ನೀರು, ಆದರೆ ಕೆಸರು. ಹೊಳೆಯಿಂದ ಸ್ವಲ್ಪ ಹಿಂದೆ ಮರಳಿನಲ್ಲಿ ಗುಂಡಿ ತೋಡಿದರೆ ಸೋಸಿ ಬಂದ ಒರತೆ ಸಿಕ್ಕುತ್ತದೆ. ಬೇಸಗೆಯಲ್ಲಿ ಮತ್ತಿಮರವನ್ನು ನೋಡಬೇಕು. ಮೊಸಳೆಯ ಬೆನ್ನಿನಂಥ ತೊಗಟೆಯ ಈ ಮರಗಳಲ್ಲಿ ಕೆಲವು ಕಾಂಡದ ಉಬ್ಬಿನಲ್ಲಿ ನೀರು ಕೂಡಿಟ್ಟುಕೊಂಡಿರುತ್ತವೆ. ಯಾವ ಉಬ್ಬಿನಲ್ಲಿ ನೀರಿದೆ, ಯಾವುದು ಬರಿಯ ಗಂಟು ಎಂದು ತಿಳಿಯುವುದೇ ವಿದ್ಯೆ.

ಬೆಂಕಿಯ ಮಾತು ಕೇಳಿ ಅವನು ಬಹಳ ನಕ್ಕ. ಆಗಸ್ಟಿನ ಘಟ್ಟದಲ್ಲಿ ಕಲ್ಲು ಉಜ್ಜುವುದಿರಲಿ, ಬೆಂಕಿಪೆಟ್ಟಿಗೆಯೇ ಹತ್ತುವುದಿಲ್ಲ. ನೆಲದ ಮೇಲೆ ಬಿದ್ದ ಕಟ್ಟಿಗೆ ಬಿಟ್ಟು ನಿಂತಲ್ಲೇ ಒಣಗಿದ ಮರದ ಒಳತಿರುಳನ್ನು ಕೆತ್ತಿ ತೆಗೆಯಬೇಕು. ಧೂಪದ ಮರದ ರಾಳವಿದ್ದರೆ ಹಸಿಯಲ್ಲೂ ಉರಿಯುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಅಡಗಿ ಹೋಗುವವನಿಗೆ ಬೆಂಕಿ ಶತ್ರು. ಕಣಿವೆಯಲ್ಲಿ ಎದ್ದ ಹೊಗೆ ಬಹಳ ದೂರಕ್ಕೆ ಕಾಣುತ್ತದೆ. ತೆರೆಯ ಮೇಲೆ ಕ್ರಾಂತಿಕಾರರು ಬೆಂಕಿಯ ಸುತ್ತ ಕೂತು ಹಾಡುವುದನ್ನು ನೋಡಿದಾಗಲೆಲ್ಲ ಈಗ ನನಗೆ ಆ ಹೊಗೆಯದೇ ಚಿಂತೆ. ನಿಜವಾಗಿ ಹೋಗುವವನ ಬುತ್ತಿ ಅವಲಕ್ಕಿ ಮತ್ತು ಬೆಲ್ಲ.

ಉಂಬಳದ ವಿಷಯ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಇಂಬಳವೆನ್ನಿ, ಮಲಯಾಳದಲ್ಲಿ ಅಟ್ಟವೆನ್ನಿ, ಕಚ್ಚುವುದು ಒಂದೇ ರೀತಿ. ಎಳೆದು ಕಿತ್ತರೆ ರಕ್ತ ನಿಲ್ಲುವುದಿಲ್ಲ. ಸುಣ್ಣ ಹೊಗೆಸೊಪ್ಪು ತಿಕ್ಕಿದ ಕಾಲಿಗೆ ಅದು ಹತ್ತುವುದಿಲ್ಲ. ಹತ್ತಿದರೆ ಕೋಲಿನ ತುದಿಗೆ ಕಟ್ಟಿದ ಉಪ್ಪಿನ ಗಂಟು ಮುಟ್ಟಿಸಿದರೆ ಸಾಕು. ಹಾವಿನ ವಿಷಯದಲ್ಲಿ ಮಾತ್ರ ಮುದುಕನ ವಿದ್ಯೆಯನ್ನೂ ಸಿನಿಮಾದ ವಿದ್ಯೆಯನ್ನೂ ಬದಿಗಿಟ್ಟು ಒಂದು ಮಾತು ಹೇಳಬೇಕು. ಬಾಯಿಯಿಂದ ಹೀರುವುದು, ಕೊಯ್ಯುವುದು, ಬಿಗಿಯಾಗಿ ಕಟ್ಟುವುದು - ಮೂರೂ ಕೇಡು. ಕಚ್ಚಿದ ಅಂಗವನ್ನು ಅಲುಗಾಡಿಸದೆ ಬೇಗನೆ ಆಸ್ಪತ್ರೆ ಸೇರಿಸುವುದೇ ದಾರಿ. ಅಲ್ಲೂ ಒಂದು ತೊಡಕಿದೆ. ನಮ್ಮ ದೇಶದಲ್ಲಿ ಬಳಕೆಯಲ್ಲಿರುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕರ ವಿಷಕ್ಕೆ. ಘಟ್ಟದ ತರಗೆಲೆಯಲ್ಲಿ ಮಲಗಿರುವ ಗೂನುಮೂಗಿನ ಮಂಡಲಕ್ಕೆ ಅದು ಸಲ್ಲುವುದಿಲ್ಲ. ಆದ್ದರಿಂದ ಕಚ್ಚಿಸಿಕೊಳ್ಳದಿರುವುದೇ ಮೊದಲ ವಿದ್ಯೆ: ಮುಂದೆ ಕೋಲು, ಹಿಂದೆ ಕಾಲು, ನೋಡದೆ ಕೊಂಬೆ ಹಿಡಿಯಬಾರದು.

ಇವೆಲ್ಲ ಒಬ್ಬ ಮುದುಕನ ಸ್ವಂತ ಬುದ್ಧಿಯಲ್ಲ. ಘಟ್ಟದ ಎರಡು ಪಕ್ಕಗಳಲ್ಲೂ ಗೌಳಿ, ಕುಣಬಿ, ವೇಳಿಪ ಜನ ತಲೆಮಾರುಗಳಿಂದ ಕೂಡಿಟ್ಟದ್ದು. ಬೈನೆಮರದ ತಿರುಳಿನಿಂದ ಹಿಟ್ಟು ತೆಗೆಯುವುದು, ನಂಜಿನ ಕಾಡುಗೆಣಸನ್ನು ಬೂದಿ ಹಾಕಿ ಬೇಯಿಸಿ ಹರಿಯುವ ನೀರಿನಲ್ಲಿಟ್ಟು ಕಹಿ ಕಳೆಯುವುದು - ಇಂಥವನ್ನು ಹಸಿವು ಕಲಿಸಿತು, ನೆನಪು ಉಳಿಸಿತು. ಗೋವಾದ ರಾಜಕೀಯ ಇತಿಹಾಸಕ್ಕೂ ಈ ಕಾಡಿಗೂ ಸಂಬಂಧ ಹೊಸತೇನಲ್ಲ. 1852ರಲ್ಲಿ ಸತ್ತರಿಯ ದೀಪಾಜಿ ರಾಣೆ ನಾಣೂಸ್ ಕೋಟೆಯನ್ನು ಹಿಡಿದು ಪೋರ್ಚುಗೀಸರನ್ನು ಮೂರು ವರ್ಷ ಕಾಲ ಕಾಡಿದ. ಫಿರಂಗಿಗಳಿದ್ದ ಸರಕಾರ ಕಡೆಗೆ ಒಪ್ಪಂದಕ್ಕೆ ಬರಬೇಕಾಯಿತು. ರಾಣೆಯ ಹೆಸರು ಇತಿಹಾಸದಲ್ಲಿದೆ. ಆ ಮೂರು ಮಳೆಗಾಲ ಅವನ ಜನರಿಗೆ ಯಾವ ಗೆಣಸು ತಿನ್ನಬಹುದು, ಯಾವ ಜಾಡಿನಲ್ಲಿ ಇಳಿಯಬಹುದು ಎಂದು ತೋರಿಸಿಕೊಟ್ಟವರ ಹೆಸರಿಲ್ಲ.

ಸಿನಿಮಾ ಮಾಡಿದ್ದೂ ಇದನ್ನೇ. ಚಿತ್ರಕ್ಕೆ ಅನ್ಯಾಯ ಮಾಡಬಾರದು: ಅಬ್ಬಾಸರ ಏಳು ಮಂದಿಯಲ್ಲಿ ಮರಿಯಾ ಗೋವಾದ ಮಗಳು, ಅವಳು ಕರೆದರೇ ಉಳಿದವರು ಬರುವುದು. ಕೈಯಲ್ಲಿ ದುಡ್ಡಿಲ್ಲದೆ, ನಟರೆಲ್ಲ ತಂತಮ್ಮ ಹಾಸಿಗೆ ಸುರುಳಿ ಬಿಚ್ಚಿ ಒಂದೇ ಸಾಲಿನಲ್ಲಿ ನೆಲದ ಮೇಲೆ ಮಲಗಿ, ಗೋವಾದಲ್ಲೇ ಚಿತ್ರೀಕರಿಸಿದ ಪ್ರಾಮಾಣಿಕ ಚಿತ್ರ ಅದು. 1965ರ ‘ಜೋಹರ್ ಮೆಹಮೂದ್ ಇನ್ ಗೋವಾ’ದ ಹಾಸ್ಯದ ಜತೆಗಾಗಲಿ, 1983ರ ‘ಪುಕಾರ್’ನ ಆಡಂಬರದ ಜತೆಗಾಗಲಿ ಅದನ್ನು ಹೋಲಿಸುವಂತಿಲ್ಲ. ಆದರೂ ಅದರ ಲೆಕ್ಕ ಏಳಕ್ಕೆ ನಿಲ್ಲುತ್ತದೆ. ಪಂಜಾಬಿ, ಬಂಗಾಳಿ, ತಮಿಳ, ಮರಾಠಿ, ಹಿಂದಿ - ಭಾಷೆಗಳ ಪ್ರತಿನಿಧಿಗಳನ್ನು ಎಣಿಸುತ್ತ ಹೋದವರಿಗೆ, ಯಾವ ಭಾಷೆಯ ಸಮ್ಮೇಳನದಲ್ಲೂ ಕುರ್ಚಿ ಇಲ್ಲದ ಘಟ್ಟದ ಮನುಷ್ಯ ಎಂಟನೆಯವನಾಗಿ ಎಣಿಕೆಗೆ ಬರಲಿಲ್ಲ. ನಮ್ಮ ಭಾಷೆಯ ಚಿತ್ರಗಳೂ ಮೇಲೇನಲ್ಲ. 1973ರ ‘ಗಂಧದ ಗುಡಿ’ ಕಾಡನ್ನು ಉಳಿಸುವ ಅಧಿಕಾರಿಯನ್ನು ನಮಗೆ ನಾಯಕನಾಗಿ ಕೊಟ್ಟಿತು, ಅದು ದೊಡ್ಡ ಕೆಲಸ. ಕಾಡಿನಲ್ಲೇ ಬದುಕಿದವನು ನಾಯಕನಾಗಲು ಇನ್ನೂ ಕಾಯಬೇಕಾಯಿತು.

1955ರಲ್ಲಿ ಕ್ಯಾಸಲ್‌ರಾಕ್ ಮುಂಬಯಿ ರಾಜ್ಯದಲ್ಲಿತ್ತು, ನಮ್ಮ ಕಾಸರಗೋಡು ಮದರಾಸು ರಾಜ್ಯದಲ್ಲಿತ್ತು. ಮರುವರ್ಷ ನವೆಂಬರ್ 1ಕ್ಕೆ ಗೆರೆಗಳು ಬದಲಾದವು. ಗೆರೆ ಬದಲಾದಾಗ ಮನುಷ್ಯನ ಬೆಲೆಯೂ ಬದಲಾಗುವುದನ್ನು ಗಡಿನಾಡಿನವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಘಟ್ಟದ ಕೆಳಗೆ ಗೋವಾದಲ್ಲಿ ಗಾವಡಾ, ಕುಣಬಿ, ವೇಳಿಪರು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ಘಟ್ಟದ ಮೇಲೆ ಜೋಯಿಡಾದ ಕುಣಬಿಗಳು ಅದೇ ಸ್ಥಾನಕ್ಕಾಗಿ ದಶಕಗಳಿಂದ ಕೇಳುತ್ತ ಬಂದಿದ್ದಾರೆ. ಅವರು ಬೆಳೆಸಿ ಉಳಿಸಿದ ಗೆಡ್ಡೆಗೆಣಸುಗಳ ಮೇಳ ಜೋಯಿಡಾದಲ್ಲಿ ನಡೆಯುತ್ತದೆ. ಪೇಟೆಯವರು ಬೆರಗಾಗಿ ನೋಡಿ ಚೀಲ ತುಂಬಿಸಿಕೊಂಡು ಹೋಗುತ್ತಾರೆ.

‘ಸಾತ್ ಹಿಂದೂಸ್ತಾನಿ’ ಬಂದ 1969ರಲ್ಲೇ ಮೊಲೆಮ್ ಕಾಡು ಅಭಯಾರಣ್ಯವಾಯಿತು. 1978ರಲ್ಲಿ ಅದರ ನಡುಭಾಗ ರಾಷ್ಟ್ರೀಯ ಉದ್ಯಾನವಾಯಿತು. ಕಾಡು ಉಳಿಯಲೆಂದು ಮಾಡಿದ್ದು, ಒಳ್ಳೆಯದೇ. ಆದರೆ ಅದೇ ಕಾಡಿನಲ್ಲಿ ಜಾಡು ಹಿಡಿದು ನಡೆದವರ ಹಕ್ಕಿನ ಅರ್ಜಿಗಳು, 2006ರ ಅರಣ್ಯ ಹಕ್ಕು ಕಾಯಿದೆ ಬಂದ ಮೇಲೂ, ಬಹಳ ಕಾಲ ಕಚೇರಿಗಳಲ್ಲಿ ಕಾದವು. ಇತ್ತ 2013ರ ‘ಚೆನ್ನೈ ಎಕ್ಸ್‌ಪ್ರೆಸ್’ ಚಿತ್ರದಲ್ಲಿ ದೂಧಸಾಗರದ ಎದುರು ರೈಲು ನಿಂತಿತು. ಅದನ್ನು ನೋಡಿದ ಯುವಕರು ಮಳೆಗಾಲದಲ್ಲೇ ಹಳಿ ಹಿಡಿದು ಗುಂಪುಗುಂಪಾಗಿ ನಡೆದು ಬಂದರು. ಹಳಿಯ ಮೇಲೆ ನಡೆಯದಂತೆ ರೈಲ್ವೆಯವರು ಎಚ್ಚರಿಸಬೇಕಾಯಿತು. 2023ರ ಜುಲೈಯಲ್ಲಿ, ಗೋವಾದ ಇನ್ನೊಂದು ಅಭಯಾರಣ್ಯದ ಜಲಪಾತದಲ್ಲಿ ಪ್ರವಾಸಿಗರು ಮುಳುಗಿ ಸತ್ತ ಬಳಿಕ, ಅರಣ್ಯದೊಳಗಿನ ಜಲಪಾತಗಳಿಗೆ ಹೋಗುವುದನ್ನೇ ಸರಕಾರ ನಿಷೇಧಿಸಿತು. ಆ ಸುದ್ದಿ ಓದಿದಾಗ ನನ್ನ ತೋಳನ್ನು ಹಿಡಿದ ಕೈಯ ನೆನಪಾಯಿತು. ಅವರ ಜತೆಗೂ ಅಂಥ ಒಬ್ಬನಿದ್ದಿದ್ದರೆ ಎಂದುಕೊಂಡೆ. ದಾರಿ ಬಲ್ಲವನು ಕಾಡಿನಿಂದ ಹೊರಗೆ, ಸಿನಿಮಾ ನೋಡಿದವನು ಕಾಡಿನ ಒಳಗೆ - ನಮ್ಮ ಕಾಲ ಮಾಡಿಕೊಂಡ ಏರ್ಪಾಡು ಇದು.

ಕ್ಯಾಸಲ್‌ರಾಕ್‌ನಿಂದ ಊರಿಗೆ ಮರಳಿದ ಮೇಲೆ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ, ನಮ್ಮ ಗುಡ್ಡಕ್ಕೆ ಸೌದೆಗೆ ಹೋಗುತ್ತಿದ್ದ ಮುದುಕಿಯ ಬಳಿ ಹೋಗಿ, ಕಾಡಿನಲ್ಲಿ ದಾರಿ ತಪ್ಪಿದರೆ ಏನು ಮಾಡುತ್ತೀ ಎಂದು ಕೇಳಿದ್ದು. ಅವಳ ಮಾತು ಅರ್ಧ ತುಳು, ಅರ್ಧ ಮಲಯಾಳ. “ತಪ್ಪಿದ್ದಿಲ್ಲವಲ್ಲ ಮಾಷೇ” ಎಂದಳು. ಆಮೇಲೆ, ನಾನು ಬರೆದುಕೊಳ್ಳಲು ಪುಸ್ತಕ ತಂದಿದ್ದೇನೆಂದು ನೋಡಿ, ಕತ್ತಿ ಕೆಳಗಿಟ್ಟು ಕೂತು, ಒಂದೊಂದೇ ಗಿಡದ ಹೆಸರು ಹೇಳತೊಡಗಿದಳು. ಆ ಪುಸ್ತಕದಲ್ಲಿ 32 ಹೆಸರುಗಳಿವೆ. ಗುಡ್ಡದಲ್ಲಿ ಈಗ ರಬ್ಬರ್ ಇದೆ.